ನೂರು, ನೂರು ಎ, ನೂರು ಪ್ಲಸ್ ಮತ್ತು ನಮ್ಮತ್ತೆ

ನಮ್ಮತ್ತೆಯ ಕಣ್ಣಿಗೆ ಬಟ್ಟೆ ಕಟ್ಟಿ ನಾಲ್ಕು ಕಂಪ್ಯೂಟರುಗಳ ಮುಂದೆ ನಿಲ್ಲಿಸಿದರೆ, ಬೆನ್ನು ಸವರಿ, ಎತ್ತಿ ನೋಡಿ, ಸದ್ದು ಕೇಳಿಯೇ ಯಾವುದು ಯಾವ ಮಾಡೆಲ್ಲು ಎಂದು ಹೇಳಿಬಿಡುತ್ತಿದ್ದರು. ಕಣ್ಣಿನ ಬಟ್ಟೆ ಬಿಚ್ಚಿ ತಮ್ಮ ಅಣ್ಣನ ನಾಲ್ವರು ಮಕ್ಕಳ ಮುಂದೆ ನಿಲ್ಲಿಸಿದರೆ ಮಾತ್ರ ಯಾರು ಯಾರೆಂದು ಗೊತ್ತಾಗುತ್ತಿರಲಿಲ್ಲ! ಆ ನಾಲ್ವರಲ್ಲಿ ನಾನು ಮೂರನೆಯವನು.

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹಿಂದೆ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಮದುವೆಯಾಗಲಿಲ್ಲ, ಪುರುಸೊತ್ತಾಗಲಿಲ್ಲ ಎನ್ನುತ್ತಿದ್ದರು. ತೊಂಬತ್ತರ ದಶಕದ ಕೊನೆಗೆ ಟೈಪ್‌ರೈಟರ್ ಕಲಿಯಲು ಬರುವವರು ಕಡಿಮೆಯಾದಾಗ ಟೈಪ್‌ರೈಟರುಗಳನ್ನು ಮಾರಿ, ಮೈಸೂರಿನಲ್ಲಿ ಮುಚ್ಚಿಹೋದ ಯಾವುದೋ ಕಚೇರಿಯಿಂದ ನಾಲ್ಕು ಹಳೇ ಕಂಪ್ಯೂಟರುಗಳನ್ನು ಗೂಡ್ಸ್ ಆಟೋದಲ್ಲಿ ಹೇರಿಸಿಕೊಂಡು ಬಂದರು. ಅವುಗಳನ್ನು ತಯಾರಿಸಿದ ಕಂಪನಿಯ ಹೆಸರು ಬೇಡ, ಪಾಪ, ಅದೂ ಮುಚ್ಚಿಹೋಗಿತ್ತು. ಆ ಕಂಪನಿಯವರಿಗೆ ಏನು ಬುದ್ಧಿಯೋ! ಮಾಡಿದ್ದೆಲ್ಲ ಒಂದೇ ಅಚ್ಚಿನ, ಹಳಸಿದ ಮಜ್ಜಿಗೆ ಬಣ್ಣದ ಡಬ್ಬ. ಹೆಸರು ಮಾತ್ರ ನೂರು, ನೂರು ಎ, ನೂರು ಪ್ಲಸ್, ನೂರಹತ್ತು. ಅಷ್ಟಾದರೂ ಡಬ್ಬದ ಮೇಲೆ ಬರೆದಿದ್ದಾರೆಯೇ? ಅಂಟಿಸಿದ್ದ ಚೀಟಿ ಯಾವ ಕಾಲದಲ್ಲೋ ಉದುರಿತ್ತು.

"ಎಲ್ಲಾ ಒಂದೇ ತರ ಅವೆಯಲ್ಲಾ ಅತ್ತೆ," ಎಂದೆ ಒಮ್ಮೆ.

"ಒಂದೇ ತರ? ಕಣ್ಣೆಲ್ಲಿ ಮಡಗಿದ್ದೀಯ? ನೂರಕ್ಕೆ ಬೆನ್ನಲ್ಲಿ ಗಾಳಿ ಆಡಕ್ಕೆ ಏಳು ಸೀಳು, ಎ-ಗೆ ಎಂಟು. ಪ್ಲಸ್ಸಿಗೂ ಎಂಟೇಯ, ಆದ್ರೆ ಫ್ಯಾನು ಕೆಮ್ಮುತ್ತೆ. ನೂರಹತ್ತು ಎತ್ತಿದ್ರೆ ಸೊಂಟ ಇಡ್ಕತ್ತದೆ. ಇಷ್ಟೂ ಗೊತ್ತಾಗಲ್ವೇನ್ಲಾ ಮೇಷ್ಟ್ರಿಗೆ?"

ಹುಣಸೂರಿನ ಹತ್ತಿರದ ಹಳ್ಳಿಯಲ್ಲಿ ನಾನು ಪ್ರೈಮರಿ ಶಾಲೆಯ ಮೇಷ್ಟ್ರು. ನಲವತ್ತು ಮಕ್ಕಳನ್ನು ಗುರುತಿಟ್ಟುಕೊಂಡವನಿಗೆ ಈ ನಾಲ್ಕು ಡಬ್ಬ ಕೊನೆಯವರೆಗೂ ಗೊತ್ತಾಗಲಿಲ್ಲ.

ಈ ಹುಚ್ಚಿನಿಂದ ನನ್ನದೊಂದು ಸಂಬಂಧವೇ ಮುರಿದುಬಿತ್ತು. ಕೆ.ಆರ್. ನಗರಕ್ಕೆ ಹೆಣ್ಣು ನೋಡಲು ಹೋಗಿದ್ದೆವು. ಆ ಮನೆಯ ಮೂಲೆಯಲ್ಲಿ ಮೇಜಿನ ಮೇಲೆ ಕಸೂತಿ ಬಟ್ಟೆ ಹೊದಿಸಿದ್ದ ಏನೋ ಒಂದು ಇತ್ತು. ಅತ್ತೆ ಬಟ್ಟೆ ಎತ್ತಿ ನೋಡಿದರೆ, ಅದೇ ಮಜ್ಜಿಗೆ ಬಣ್ಣದ ಡಬ್ಬ! ಅಷ್ಟೇ! ಹುಡುಗಿ ಉಪ್ಪಿಟ್ಟಿನ ತಟ್ಟೆ ಹಿಡಿದು ಬರುವ ಹೊತ್ತಿಗೆ ಅತ್ತೆ ಮೇಜಿನ ಹಿಂದೆ ತೂರಿದ್ದರು; ಎರಡು ಪಾದ ಮಾತ್ರ ಕಾಣುತ್ತಿದ್ದವು. ಅಲ್ಲಿಂದಲೇ ಕೂಗಿದರು, "ಎಂಟು ಸೀಳು! ಲೇ, ಎಂಟು ಸೀಳು ಕಣ್ಲಾ!"

ಹುಡುಗಿಯ ತಂದೆ ಮೆಲ್ಲಗೆ ಕೇಳಿದರು, "ರಿಪೇರಿಯವ್ರನ್ನೂ ಜೊತೇಲಿ ಕರ್ಕೊಂಡ್ ಬಂದಿದ್ದೀರಾ?"

ಸಂಬಂಧ ಮುರಿದದ್ದಕ್ಕೆ ಅತ್ತೆಗೆ ಬೇಸರವೇ ಆಗಲಿಲ್ಲ. ಅದು ಎ-ಯೋ ಪ್ಲಸ್ಸೋ ತಿಳಿಯಲು ಸ್ವಿಚ್ ಹಾಕಿ ಫ್ಯಾನಿನ ಸದ್ದು ಕೇಳುವುದಕ್ಕೆ ಬಿಡಲಿಲ್ಲವಲ್ಲ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಕೊರಗಿದರು!

ನಗು ಅಲ್ಲಿಗೆ ಮುಗಿಯಿತು. ಡಬ್ಬಗಳು ಒಂದೊಂದಾಗಿ ಸಾಯತೊಡಗಿದವು. ಮೂರು ಪೂರ್ತಿ ಸತ್ತು, ನೂರು ಪ್ಲಸ್ ಮಾತ್ರ ಹತ್ತು ನಿಮಿಷ ಉರಿದು ಆರುವ ಸ್ಥಿತಿಗೆ ಬಂತು. ಅದೇ ಸಮಯಕ್ಕೆ ಮೈಸೂರಿನ ಒಂದು ಕಚೇರಿಯವರು ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಹುಡುಗಿಯರನ್ನು ಆರಿಸಲು ಪರೀಕ್ಷೆ ಇಟ್ಟರು. ಅತ್ತೆಯ ಬಳಿ ಉಳಿದಿದ್ದವರು ನಾಲ್ವರು. ಎಲ್ಲರೂ ಹೊಗೆಸೊಪ್ಪು ಬೆಳೆಯುವ ಮನೆಯ ಹುಡುಗಿಯರು. ಈ ಕೆಲಸ ಸಿಗದಿದ್ದರೆ ಈ ವರ್ಷವೇ ಮದುವೆ ಎಂದು ಮನೆಯವರು ಹೇಳಿಬಿಟ್ಟಿದ್ದರು.

ಪ್ಲಸ್ಸಿಗೆ ಬೇಕಿದ್ದದ್ದು ಅದರೊಳಗೆ ಕರೆಂಟು ಹಂಚುವ ಪೆಟ್ಟಿಗೆ. ಅತ್ತೆ ಭಾನುವಾರದ ಕ್ಲಾಸನ್ನೂ ಬಿಟ್ಟು ಹೋಗುವಂತಿರಲಿಲ್ಲ. ಭಾನುವಾರ ಮೈಸೂರಿನ ಗುಜರಿ ಅಂಗಡಿಗೆ ಹೊರಟವನು ನಾನು. ಮೊದಲ ಸಲ ನೂರರದ್ದು ತಂದೆ. ಎರಡನೇ ಸಲ ನೂರಹತ್ತರದ್ದು. "ತಪ್ಪು" ಎಂದು ಅತ್ತೆ ವಾಪಸು ಕಳಿಸಿದರು. ಮೂರನೇ ಭಾನುವಾರ ನನಗೆ ಮೈ ಸುಡುವ ಜ್ವರ. ಗುಜರಿಯವನು, "ಡಬ್ಬಾ ಡಬ್ಬಾನೇ ಸಾರ್, ತಗೊಂಡ್ ಹೋಗಿ," ಎಂದ. ಅದನ್ನೇ ಹಿಡಿದುಕೊಂಡು ಬಂದೆ. ಬಸ್ಸಿಳಿದು ಅತ್ತೆಯ ಕೈಗೆ ಕೊಟ್ಟು ಗೋಡೆಗೆ ಒರಗಿದೆ. ಅವರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ನನ್ನ ಮುಖ ನೋಡಿದರು. ಪ್ಲಸ್ಸಿಗೆ ಜೋಡಿಸಿ ಸ್ವಿಚ್ ಹಾಕಿದರು.

ಟಪ್ ಎಂದಿತು. ಸುಟ್ಟ ವಾಸನೆ ಕೋಣೆ ತುಂಬಿತು. ಹುಡುಗಿಯೊಬ್ಬಳು ಬಿಕ್ಕಿದಳು. ಅದು ನೂರು ಎ-ದಾಗಿತ್ತು ಎಂದು ಆಮೇಲೆ ತಿಳಿಯಿತು.

ಪರೀಕ್ಷೆಗೆ ಎರಡು ವಾರ ಬಾಕಿ. ನಾನು ತಲೆ ಎತ್ತಲಾರದೆ ಊರಿಗೆ ಹೋದೆ. ಮರುವಾರ ಬಂದಾಗ ಬಾಗಿಲಲ್ಲೇ ಟಕಟಕ ಸದ್ದು ಕೇಳಿಸಿತು. ರಿಪೇರಿಯಾಯಿತೇ ಎಂದು ಒಳಗೆ ಓಡಿದೆ. ಇಲ್ಲ! ನಾಲ್ಕು ಸತ್ತ ಕಂಪ್ಯೂಟರುಗಳ ಮುಂದೆ ನಾಲ್ವರು ಹುಡುಗಿಯರು ಕರ್ರಗಿನ ಪರದೆ ನೋಡುತ್ತ ಟೈಪ್ ಮಾಡುತ್ತಿದ್ದರು. ಅತ್ತೆ ಪಾಠ ಓದುತ್ತ, ಕಣ್ಣು ಮುಚ್ಚಿ, ಸದ್ದಿನಲ್ಲೇ ತಪ್ಪು ಹಿಡಿಯುತ್ತಿದ್ದರು. "ಮೂರನೆಯೋಳೇ, ಎರಡು ಸಲ ಹೊಡೆದೆ. ಮತ್ತೆ ಮೊದ್ಲಿಂದ."

ಪರೀಕ್ಷೆಯ ದಿನ ಅತ್ತೆಯ ಜೊತೆ ನಾನೂ ಮೈಸೂರಿಗೆ ಹೋದೆ. ಮೂವರು ಪಾಸಾದರು. ನಾಲ್ಕನೆಯವಳು ಅಳುತ್ತ ಹೊರಗೆ ಬಂದಳು.

"ಏನಾಯ್ತವ್ವ?"

"ಸ್ಕ್ರೀನು ಬೆಳಗ್ತಿತ್ತು ಮೇಡಂ. ನಾ ಹೊಡ್ದಿದ್ದೆಲ್ಲ ಕಾಣ್ತಿತ್ತು. ಗಾಬರಿ ಆಗೋಯ್ತು."

ಅತ್ತೆ ಅವಳನ್ನು ತಬ್ಬಿಕೊಂಡರು. ನನಗೆ ನಗು ಬಂತು; ನಗಲಿಲ್ಲ.

ವಾಪಸು ಬರುವಾಗ ಆ ಹುಡುಗಿ ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಯಿಟ್ಟು ಕೂತಿದ್ದಳು. ಬಿಳಿಕೆರೆ ದಾಟಿತು. ನನಗೆ ತಡೆಯಲಾಗಲಿಲ್ಲ.

"ಅತ್ತೆ, ಇವಳ ಬಾಳು ನನ್ನಿಂದ ಹಾಳಾಯ್ತು. ಸರಿಯಾದ ಮಾಡೆಲ್ ತಂದಿದ್ರೆ..."

"ನಿನ್ನಿಂದ ಅಲ್ಲ ಬುಡು."

"ತಪ್ಪು ಪೆಟ್ಟಿಗೆ ತಂದೋನು ನಾನಲ್ವಾ?"

ಅತ್ತೆ ನನ್ನ ಕಡೆ ಬಗ್ಗಿದರು. ಮುಂದಿನ ಸೀಟಿನವಳಿಗೆ ಕೇಳಿಸದಂತೆ, ಮೆಲ್ಲಗೆ ಹೇಳಿದರು.

"ಅದು ಎ-ದು ಅಂತ ಕೈಗೆ ಬಂದ ತಕ್ಷಣ ಗೊತ್ತಾಯ್ತು ಕಣೋ. ಆದ್ರೆ ನೀನು ಜ್ವರದಲ್ಲಿ ನಡುಗ್ತಾ ನಿಂತಿದ್ದೆ. ಇದೂ ತಪ್ಪು ಅಂದ್ರೆ ಮತ್ತೆ ಮೈಸೂರಿಗೆ ಹೊರಟುಬುಡ್ತೀಯ ಅಂತ ಭಯ ಆಯ್ತು. ಬಾಯೇ ಬರ್ಲಿಲ್ಲ. ಒಂದು ಸಲ ದೇವ್ರು ಕಣ್ಣು ಬುಡ್ಲಿ ಅಂತ ಸ್ವಿಚ್ ಹಾಕ್ಬುಟ್ಟೆ."