ಎಣ್ಣೆ ಹತ್ತಿದ ಡಬ್ಬಿ

ಕನ್ನಡಕದ ಅಂಗಡಿಯವರು ಹಲ್ಲುಜ್ಜುತ್ತಿದ್ದಾಗಲೇ ಹೆಂಡತಿ ಸುದ್ದಿ ಕೊಟ್ಟರು. "ರೀ, ಇವತ್ತು ಕಸದ ತಪಾಸಣೆಯವರು ಬರ್ತಾರಂತೆ. ಕೆಳಗಿನ ನೀಲಿ ತೊಟ್ಟಿ ಪೂರ್ತಿ ಸುರಿದು ನೋಡ್ತಾರಂತೆ!"

ಬ್ರಷ್ಷು ಬಾಯಲ್ಲೇ ನಿಂತಿತು. ನೀಲಿ ತೊಟ್ಟಿಗೆ ತೊಳೆದು ಒಣಗಿಸಿದ ಬಾಟಲಿ, ಡಬ್ಬ, ಒಣ ಕಾಗದ ಮಾತ್ರ ಹೋಗಬೇಕು. ಎಣ್ಣೆ ಹತ್ತಿದ ಒಂದು ರಟ್ಟು ಸಿಕ್ಕರೂ ಕಟ್ಟಡದ ಮಾನ ಹರಾಜು. ಇದನ್ನು ಮನೆಮನೆಗೆ ಹೋಗಿ ಬೋಧಿಸಿದ್ದು ಅವರ ಹೆಂಡತಿಯೇ. ತಪ್ಪು ಮಾಡಿದವರು ಆರು ತಿಂಗಳು ಎಲ್ಲರ ಮನೆ ಕಸ ಬೇರ್ಪಡಿಸಬೇಕೆಂಬ ಶಿಕ್ಷೆಯನ್ನು ತಂದದ್ದೂ ಆಕೆಯೇ.

ಅಂಥ ಮಹಾತಾಯಿಯ ಗಂಡ ನಿನ್ನೆ ಸಂಜೆ, ಆಕೆ ತರಕಾರಿಗೆ ಹೋದ ಹೊತ್ತು ನೋಡಿ ಪಿಜ್ಜಾ ತರಿಸಿ, ತಿಂದು, ಜಿಡ್ಡು ಡಬ್ಬಿಯನ್ನು ಅದೇ ತೊಟ್ಟಿಯ ತಳಕ್ಕೆ ತುರುಕಿದ್ದರು. ಅದರ ಮೇಲೆ ಮನೆ ನಂಬರಿನ ಚೀಟಿ ಬೇರೆ! ಡಾಕ್ಟರು ಜಿಡ್ಡು ಬಿಡಿ ಅಂದಾಗಿನಿಂದ ಹೆಂಡತಿಯೂ ಇವರ ಜೊತೆ ಬೇಯಿಸಿದ ತರಕಾರಿಯನ್ನೇ ತಿನ್ನುತ್ತಿದ್ದರು. ಸಿಕ್ಕಿಬಿದ್ದರೆ ಆಕೆ ನೆರೆಹೊರೆಯಲ್ಲಿ ತಲೆ ಎತ್ತುವ ಹಾಗಿಲ್ಲ, ಇವರು ಮನೆಯೊಳಗೆ.

"ಪೇಪರ್ ತರ್ತೀನಿ" ಎಂದು ಕೆಳಗೋಡಿದರು. ತೊಟ್ಟಿ ಎದೆಮಟ್ಟ. ಅರ್ಧ ಮೈ ಒಳಗೆ ಇಳಿಸಿದಾಗ ಡಬ್ಬಿಯ ಮೂಲೆ ಬೆರಳಿಗೆ ತಾಗಿತು. ಅಷ್ಟರಲ್ಲಿ ಹಿಂದೆ ಯಾರೋ ಕೆಮ್ಮಿದರು.

"ಏನ್ ಸ್ವಾಮಿ, ಏನ್ ಹುಡುಕ್ತಿದೀರಾ?" ಮೇಲಿನ ಮನೆಯ ನಿವೃತ್ತ ಮೇಷ್ಟ್ರು. ಊರ ಉಸಾಬರಿಯಿಲ್ಲದೆ ಅವರಿಗೆ ತಿಂದದ್ದು ಅರಗುತ್ತಿರಲಿಲ್ಲ.

"ಕನ್ನಡಕ ಬಿತ್ತು ಮೇಷ್ಟ್ರೇ."

"ಮೂಗಿನ ಮೇಲೇ ಇದೆಯಲ್ರೀ!"

"ಇದು ದೂರದ್ದು. ಬಿದ್ದಿದ್ದು ಓದೋದು."

"ಅಯ್ಯೋ ಪಾಪ. ಪಕ್ಕಕ್ಕೆ ಸರೀರಿ, ನಾನೂ ಹುಡುಕ್ತೀನಿ." ಮೇಷ್ಟ್ರು ಅಂಗಿಯ ತೋಳು ಮಡಚಿದರು.

"ಬೇಡಿ, ಕತ್ತಲಿದೆ, ಗಾಜು ಚುಚ್ಚೀತು!"

"ಹಾಗಾದ್ರೆ ಟಾರ್ಚ್ ತರ್ತೀನಿ, ತಾಳಿ."

ಮೇಷ್ಟ್ರು ಮೆಟ್ಟಿಲು ಹತ್ತಿದ್ದೇ ತಡ, ಅಂಗಡಿಯವರು ಡಬ್ಬಿ ಎಳೆದು, ನಾಲ್ಕು ಮಡಿಕೆ ಮಾಡಿ, ಅಂಗಿಯೊಳಗೆ ತೂರಿಸಿಕೊಂಡರು. ಗುಂಡಿ ಹಾಕುವಷ್ಟರಲ್ಲಿ ತಪಾಸಣೆಯ ಗಾಡಿ ಬಂತು. ಹೆಂಡತಿ ಹಿಂದೆ ಇಡೀ ಕಟ್ಟಡ ಇಳಿದು ಬಂತು.

"ಯಾಕ್ರೀ ಹೊಟ್ಟೆ ಹಿಡ್ಕೊಂಡಿದೀರಾ?"

"ಗ್ಯಾಸು ಕಣೇ."

ತಪಾಸಣೆಯಾಕೆ ತೊಟ್ಟಿಯನ್ನು ಟಾರ್ಪಾಲಿನ ಮೇಲೆ ಬೋರಲು ಹಾಕಿದರು. ಬಾಟಲಿಗಳು ಥಳಥಳ, ಕಾಗದ ಗರಿಗರಿ. "ಭೇಷ್!" ಅಂದರು. ಅಂಗಡಿಯವರಿಗೆ ಹೋದ ಜೀವ ಬಂದಂತಾಯಿತು.

ತಪಾಸಣೆಯಾಕೆ ಹಳೇ ಪೇಪರಿನ ಕಟ್ಟೊಂದನ್ನು ಬಿಚ್ಚಿದರು. ನಡುವಿನಿಂದ ಒಂದು ಪಿಜ್ಜಾ ಡಬ್ಬಿ ಜಾರಿತು. ಎಣ್ಣೆಯಲ್ಲಿ ಮಿಂದಿತ್ತು. ಆಕೆ ಚೀಟಿ ಓದಿದರು. "ಎರಡನೇ ಮಹಡಿ, ಎಡಗಡೆ ಮನೆ. ನಿನ್ನೆ ಮಧ್ಯಾಹ್ನದ್ದು. ಯಾರದಿದು?"

ಅದು ಇವರದೇ ಮನೆ. ಅಂಗಡಿಯವರು ಗಾಬರಿಯಿಂದ ಹೊಟ್ಟೆ ಒತ್ತಿ ನೋಡಿಕೊಂಡರು. ಅವರ ಡಬ್ಬಿ ಅಲ್ಲೇ ಇತ್ತು. ಮಧ್ಯಾಹ್ನ ಅವರು ಅಂಗಡಿಯಲ್ಲಿದ್ದರು. ಮನೆಯಲ್ಲಿರುವುದೇ ಇಬ್ಬರು.

ನಿಧಾನಕ್ಕೆ ಹೆಂಡತಿಯತ್ತ ತಿರುಗಿದರು. ಆಕೆಯ ಮುಖ ಬಿಳಿಚಿಕೊಂಡಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಆಕೆ ಹೀಗೆ ಅಂಗಲಾಚಿ ನೋಡಿದ್ದೇ ಇಲ್ಲ. ಅವರು ಒಂದು ಹೆಜ್ಜೆ ಮುಂದೆ ಬಂದರು.

"ನಂದೇ" ಅಂದರು. "ತಪ್ಪಾಯ್ತು."

ಹೆಂಡತಿ ಉಸಿರು ಬಿಟ್ಟರು. ಸೆರಗು ಸರಿಮಾಡಿಕೊಂಡು ಜನರತ್ತ ತಿರುಗಿದರು.

"ಕೇಳಿದ್ರಲ್ಲ ಮೇಷ್ಟ್ರೇ? ನನ್ನ ಗಂಡ ಅಂತ ಯಾರೂ ದಾಕ್ಷಿಣ್ಯ ಮಾಡಬೇಡಿ. ಆರು ತಿಂಗಳು ಅಂದ್ರೆ ಆರು ತಿಂಗಳು. ಇವತ್ತಿಂದಾನೇ ಶುರು ಮಾಡ್ಲಿ!"