ಹಿಂಬದಿಯ ಮೂರು ಮೆಟ್ಟಿಲುಗಳ ವಿಷಯವಾಗಿ

ಸರಕಾರಿ ಜಾಮೀನಿನ ಗೃಹಸಾಲ ಯೋಜನೆಯ ಮನೆ ಪರಿಶೀಲನಾಧಿಕಾರಿಗಳ ಸನ್ನಿಧಿಗೆ, ಅಂಗಡಿಗಳಿಗೆ ಬೋರ್ಡು ಬರೆದು ಹೊಟ್ಟೆ ಹೊರೆಯುವ ಬಾಡಿಗೆದಾರನೊಬ್ಬನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಟಾರ್ಚೂ ಅಳತೆಯ ಟೇಪೂ ಕ್ಷೇಮವೆಂದು ನಂಬಿದ್ದೇನೆ. ಮೊದಲ ಮನೆ ಕೊಳ್ಳುವವರು ನೂರಕ್ಕೆ ಮೂರೂವರೆ ಪಾಲು ಮುಂಗಡ ಕಟ್ಟಿದರೆ ಸಾಕು, ಉಳಿದದ್ದನ್ನು ಬ್ಯಾಂಕು ಕೊಡುತ್ತದೆ, ಸರಕಾರ ಜಾಮೀನು ನಿಲ್ಲುತ್ತದೆ ಎಂದು ಓದಿದ ದಿನ, ಹನ್ನೊಂದು ವರ್ಷದಲ್ಲಿ ಏಳು ಬಾಡಿಗೆಮನೆ ಕಂಡ ನನ್ನ ಹೆಂಡತಿ ಅತ್ತೇಬಿಟ್ಟಳು. ತಾನು ಬರೆದ ಚಿತ್ರ ತೂಗುಹಾಕಲು ಎಲ್ಲಿಯೂ ಅನುಮತಿ ಸಿಗದ ಮಗಳು, ಒಂದು ಮೊಳೆಯನ್ನು ಪೆನ್ಸಿಲ್ ಡಬ್ಬಿಯಲ್ಲಿ ಜೋಪಾನ ಮಾಡಿದಳು.

ಮನೆಯೂ ಸಿಕ್ಕಿತು. ನಿವೃತ್ತ ಹೆಡ್‌ಮಿಸ್ಸೊಬ್ಬರು, ಈ ಹಳೇ ಮನೆ ಸಾಕಾಗಿದೆ, ಫ್ಲ್ಯಾಟಿಗೆ ಹೋಗುತ್ತೇನೆ ಎಂದು ನಮ್ಮೊಡನೆ ಎರಡು ತಿಂಗಳ ಗಡುವಿನ ಒಪ್ಪಂದ ಮಾಡಿಕೊಂಡರು. ಆಗ ತಮ್ಮ ಆಗಮನವಾಯಿತು. ಸೋರುವ ನಲ್ಲಿಯನ್ನು ಕ್ಷಮಿಸಿದ ತಾವು, ಎರಡು ಕಿಟಕಿಗಳ ಬಣ್ಣ ಎದ್ದಿದೆ, ಹಿಂಬದಿಯ ಮೂರು ಮೆಟ್ಟಿಲಿಗೆ ಹಿಡಿದುಕೊಳ್ಳುವ ಕಂಬಿ ಇಲ್ಲ, ಸರಿಪಡಿಸದೆ ಸಾಲವಿಲ್ಲ ಎಂದು ಬರೆದಿರಿ. ನಾವು ಜಾರಿ ಬೀಳದಿರಲೆಂದು ಸರಕಾರವೇ ಇಷ್ಟು ಮರುಗುವುದನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ.

ಮಾರುವ ಮನೆಗೆ ತಾನೇಕೆ ಖರ್ಚು ಮಾಡಲಿ ಎಂದರು ಹೆಡ್‌ಮಿಸ್ಸು. ಸರಿ, ಬ್ರಷ್ಷು ನನ್ನದೇ ತಾನೇ ಎಂದು ನಾನೇ ಹೊರಟೆ. ಕೂಸು ಹುಟ್ಟುವ ಮುಂಚೆ ಕುಲಾವಿ ಬೇಡ ಎಂದು ಹೆಂಡತಿ ಬಡಿದುಕೊಂಡಳು, ನಾನು ಕೇಳಲಿಲ್ಲ. ಕಿಟಕಿ ಹೊಳೆದ ಮೇಲೆ ಪಕ್ಕದ ಗೋಡೆ ಕೊಳಕೆನಿಸಿತು, ಗೋಡೆಯಾದ ಮೇಲೆ ಬಾಗಿಲು ನನ್ನನ್ನೇ ದುರುಗುಟ್ಟಿ ನೋಡಿತು. ಕಸುಬಿನವನ ಕೈ, ಸ್ವಾಮಿ, ಅರ್ಧಕ್ಕೆ ನಿಲ್ಲುವುದಿಲ್ಲ. ಐದು ಭಾನುವಾರಗಳಲ್ಲಿ ಇಡೀ ಮನೆ ಮುಗಿಸಿ, ಮೆಟ್ಟಿಲಿಗೆ ಕಂಬಿ ಹಾಕಿಸಿ, ಅದಕ್ಕೆ ಹಸಿರು ಬಣ್ಣ ಹೊಡೆದು, ತಮ್ಮ ಮರುಭೇಟಿಗಾಗಿ ಕಾದೆವು. ತಾವೋ ರಜೆಯಲ್ಲಿದ್ದಿರಿ. ತಾವು ಬಂದು ಕಂಬಿಯನ್ನು ಅಲ್ಲಾಡಿಸಿ, ಬಹಳ ಭದ್ರವಾಗಿದೆ ಎಂದು ಷರಾ ಬರೆಯುವುದಕ್ಕೆ ಎರಡು ದಿನ ಮೊದಲೇ ಒಪ್ಪಂದದ ಗಡುವು ತೀರಿತ್ತು.

ಗಡುವು ವಿಸ್ತರಿಸಿಕೊಡಿ ಎಂದು ಕೈಮುಗಿದು ನಿಂತವನಿಗೆ ಹೆಡ್‌ಮಿಸ್ಸು ಗೋಡೆ ಸವರುತ್ತಾ ಹೇಳಿದ್ದಿಷ್ಟೇ: “ಇಷ್ಟು ಚೆನ್ನಾಗಿರೋ ಮನೇನ ಯಾರಾದ್ರೂ ಮಾರ್ತಾರೇನಪ್ಪಾ?”

ಮನೆ ಕಟ್ಟಿ ನೋಡು ಎಂದ ಹಿರಿಯರು, ಪರರ ಮನೆಗೆ ಬಣ್ಣ ಬಳಿದು ನೋಡು ಎಂದು ಯಾಕೆ ಎಚ್ಚರಿಸಲಿಲ್ಲವೋ! ದೂರುವುದಾದರೂ ಯಾರನ್ನು? ಆದಕಾರಣ ನನ್ನ ನಮ್ರ ಬೇಡಿಕೆಗಳೆಂದರೆ, ಇನ್ನು ಮುಂದೆ ಮೆಟ್ಟಿಲಿಗೆ ಮಾತ್ರವಲ್ಲದೆ ಮಾರುವವರ ಮಾತಿಗೂ ಕಂಬಿ ಹಾಕಿಸುವ ನಿಯಮ ತರಬೇಕು. ಕೊಳ್ಳಲು ಬಂದ ಕಸುಬುದಾರರ ಕೈಗಳನ್ನು ಪರಿಶೀಲನೆ ಮುಗಿಯುವವರೆಗೆ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಬೇಕು. ಹಾಗೂ ತಮ್ಮ ರಜೆಗೂ ಯಾರಾದರೂ ಜಾಮೀನು ನಿಲ್ಲಬೇಕು.

ಬಣ್ಣ ಮಾಸಿದರೂ ಭರವಸೆ ಮಾಸದ,
ತಮ್ಮ ವಿಶ್ವಾಸಿ,
ಬೋರ್ಡು ಬರೆಯುವವನು

ಮರೆತಿದ್ದೆ: ಹೆಡ್‌ಮಿಸ್ಸು ದೊಡ್ಡ ಮನಸ್ಸು ಮಾಡಿ ಹಿಂಬದಿಯ ಎರಡು ಕೋಣೆಗಳನ್ನು ನಮಗೇ ಬಾಡಿಗೆಗೆ ಕೊಟ್ಟಿದ್ದಾರೆ. ತಮ್ಮ ದಯೆಯಿಂದ ದಿನವೂ ಆ ಕಂಬಿ ಹಿಡಿದೇ ಇಳಿಯುತ್ತೇವೆ, ಈವರೆಗೆ ಯಾರೂ ಬಿದ್ದಿಲ್ಲ. ಬಾಡಿಗೆ ಕರಾರಿನ ಮೊದಲ ಷರತ್ತು, ಹೊಸ ಬಣ್ಣದ ಗೋಡೆಗೆ ಮೊಳೆ ಹೊಡೆಯಕೂಡದು. ಮಗಳ ಮೊಳೆಯನ್ನು ಈ ಪತ್ರದೊಡನೆ ಲಗತ್ತಿಸಿದ್ದೇನೆ. ತಾವು ಸ್ವಂತ ಮನೆಯುಳ್ಳವರೆಂದು ಕೇಳಿದ್ದೇನೆ, ಎಲ್ಲಾದರೂ ಹೊಡೆದುಕೊಳ್ಳಿ.