ವರ್ಷಕ್ಕೊಮ್ಮೆ ಸೋರುವ ಮನೆ

ಹಂಚಿನ ಮಾಡಿಗೆ ಏಣಿ ಇಟ್ಟವನಿಗೆ ನಗುವ ಸಂಗತಿಗಳು ಸಿಗುತ್ತಲೇ ಇರುತ್ತವೆ. ಮಳೆಗಾಲಕ್ಕೆ ಮೊದಲು ಹಳೆಯ ಮನೆಗಳ ಹಂಚು ಇಳಿಸಿ, ಉಜ್ಜಿ, ಒಡೆದದ್ದನ್ನು ಬದಲಿಸಿ ಮತ್ತೆ ಹೊದಿಸುವುದು ನನ್ನ ಕೆಲಸ. ನಾನಿರುವುದು ಮಾತ್ರ ಪಂಪ್‌ವೆಲ್ ಹತ್ತಿರದ ಒಂದು ಫ್ಲಾಟಿನಲ್ಲಿ. ಬೋಳಾರದಲ್ಲಿ ನದಿಯ ಕಡೆಗಿದ್ದ ನಮ್ಮ ಹಂಚಿನ ಮನೆಯನ್ನು ಅಪ್ಪ ಮಾರಿ ಬಹಳ ಕಾಲವಾಯಿತು. ಆ ಮನೆಯ ಆಸೆ ನನಗಿನ್ನೂ ಹೋಗಿಲ್ಲ. ಅಲ್ಲಿ ಮಳೆ ಬಂದರೆ ಮನೆಗೆ ಮನೆಯೇ ಸದ್ದು ಮಾಡುತ್ತಿತ್ತು. ಫ್ಲಾಟಿನಲ್ಲಿ ಮಳೆ ಬಂತೋ ಇಲ್ಲವೋ ಎಂದು ಕಿಟಕಿಯಲ್ಲಿ ಇಣುಕಿ ನೋಡಬೇಕು.

ಪಾಚಿ

ಕಂಕನಾಡಿಯ ಒಂದು ಹೊಸ ಹೋಟೆಲಿನವರು ಕರೆದರು. ಏಸಿ ಹಾಲ್‌ನ ಒಳಗೆ, ಸ್ಲ್ಯಾಬಿನ ಕೆಳಗೆ, ಅವರಿಗೊಂದು ಹಂಚಿನ ಮಾಡು ಬೇಕಂತೆ. ಒಳ್ಳೆಯ ಹಳೆಯ ಹಂಚು ತಂದು, ತಿಕ್ಕಿ ತೊಳೆದು, ಕೆಂಪಗೆ ಕಾಣುವಂತೆ ಹೊದಿಸಿದೆ. ಯಜಮಾನರ ಮುಖ ಬಾಡಿತು.

"ಇದೆಂತ ಮಾರಾಯ್ರೆ, ಪಾಚಿ ಎಲ್ಲುಂಟು? ಹಳೇ ಮನೆಯ ಹಾಗೆ ಕಾಣಬೇಡವಾ?"

ಜೀವಮಾನವೆಲ್ಲ ಪಾಚಿ ಕೆರೆದೇ ಹೊಟ್ಟೆ ಹೊರೆದವನು ನಾನು. ಸಿಟ್ಟು ಬಂತು. "ಪಾಚಿ ಬೇಕಾದರೆ ಮಳೆ ಬರಬೇಕು," ಎಂದೆ.

ಅವರು ಮೇಲಿನ ಸ್ಲ್ಯಾಬ್ ನೋಡಿದರು. "ಪೈಪ್ ಹಾಕಿಸಿದರೆ ಆಗ್ತದಾ?"

ಬಕೆಟ್

ಹಳೆಯ ಕಟ್ಟಡಗಳನ್ನು ನೋಡುತ್ತ ನಡೆಯುವ ಗುಂಪೊಂದು ನಾನು ಕೆಲಸ ಮಾಡುತ್ತಿದ್ದ ಮನೆಗೆ ಬಂತು. ನಾನು ಮಾಡಿನ ಮೇಲಿದ್ದೆ. ಕೆಳಗೆ ಒಬ್ಬಳು ಹುಡುಗಿ ಜಗಲಿಯ ಮರದ ಕಂಬವನ್ನು ತಬ್ಬಿಕೊಂಡು ಮನೆಯೊಡತಿಗೆ ಹೇಳಿದಳು, "ಆಂಟಿ, ನೀವು ಲಕ್ಕಿ. ಇಂಥ ಮನೆಯಲ್ಲಿ ಇರಲಿಕ್ಕೆ ಪುಣ್ಯ ಬೇಕು."

"ಹೌದಾ? ಹಾಗಾದರೆ ಜೂನಿಗೆ ಬನ್ನಿ. ಚಾಪೆ ಹಾಕಿ ಕೊಡ್ತೇನೆ. ಒಂದು ಬಕೆಟ್ ಕೂಡ ಕೊಡ್ತೇನೆ."

ನನಗೆ ಚುಚ್ಚಿತು. ನಾನು ಹೊದಿಸಿದ ಮಾಡಿನ ಕೆಳಗೆ ಬಕೆಟ್ಟೇ? ಮೇಲಿಂದಲೇ ಕೂಗಿದೆ, "ಅಕ್ಕಾ, ಈ ವರ್ಷ ಬಕೆಟ್ ಬೇಡ!"

ಅವರು ತಲೆ ಎತ್ತಲೂ ಇಲ್ಲ. "ನೋಡಿ, ಅವರು ಪ್ರತಿ ವರ್ಷ ಹಾಗೇ ಹೇಳುವುದು."

ಅಡುಗೆಮನೆಯ ಮೂಲೆ

ಬೋಳಾರದ ನಮ್ಮ ಮನೆಯನ್ನು ಕೊಂಡವರು ವ್ಯಾಪಾರಸ್ಥರಾದ ಒಬ್ಬರು ಹಾಜಿಯವರು. "ಸುಮ್ಮನೆ ಬಂದು ಹೋಗಿ ಮಾರಾಯ್ರೆ," ಎಂದು ಎಷ್ಟೋ ಸಲ ಕರೆದಿದ್ದರು. ಮಾರಿದ ಮನೆಗೆ ಯಾವ ಮುಖ ಇಟ್ಟುಕೊಂಡು ಸುಮ್ಮನೆ ಹೋಗುವುದು? ಕೆಲಸವಿದ್ದರೆ ಮಾತ್ರ ಹೋಗುತ್ತಿದ್ದೆ. ನನ್ನ ಪುಣ್ಯಕ್ಕೆ ಅಲ್ಲಿ ಅಡುಗೆಮನೆ ವರ್ಷಕ್ಕೊಮ್ಮೆ ಸೋರುತ್ತಿತ್ತು. ಅದೇ ಮೂಲೆ, ಅದೇ ಹಂಚು. ಬೆಕ್ಕಿನ ಕೆಲಸ ಎಂದುಕೊಂಡಿದ್ದೆ. ಹಂಚು ಸರಿಮಾಡಿ, ಕೆಳಗಿಳಿದು, ಅವರು ಕೊಟ್ಟ ಚಹಾ ಹಿಡಿದು ಅಲ್ಲೇ ಕೂರುತ್ತಿದ್ದೆ. ಮಾಡಿನ ಗಾಜಿನ ಹಂಚಿನಿಂದ ಅಮ್ಮನ ಒಲೆ ಇದ್ದ ಜಾಗಕ್ಕೆ ಈಗಲೂ ಬಿಸಿಲು ಬೀಳುತ್ತದೆ. ಅದನ್ನು ನೋಡಿ ಬಂದರೆ ನನಗೆ ಒಂದು ವರ್ಷಕ್ಕೆ ಸಾಕು.

ಈ ಸಲವೂ ಸೋರುತ್ತದೆ ಎಂದು ಫೋನು ಬಂತು. ಹೇಳಿದ ಹೊತ್ತಿಗಿಂತ ಬೇಗ ಹೋದೆ. ಅಡುಗೆಮನೆಯಲ್ಲಿ ಹಾಜಿಯವರು ಮಾವು ಕೊಯ್ಯುವ ದೋಟಿಯನ್ನು ಎರಡೂ ಕೈಯಲ್ಲಿ ಹಿಡಿದು, ಅದೇ ಮೂಲೆಯ ಹಂಚನ್ನು ಮೇಲಕ್ಕೆ ತಳ್ಳುತ್ತಿದ್ದರು.

"ಎಂತ ಹಾಜಿಯವರೆ ಇದು?"

ಅವರು ದೋಟಿ ಇಳಿಸಲಿಲ್ಲ. "ಸೋರದಿದ್ದರೆ ನೀವು ಬರ್ತೀರಾ?"

"ಇಲ್ಲ," ಎಂದೆ.

ಒಲೆಯ ಮುಂದಿದ್ದ ಅವರ ಹೆಂಡತಿ ಪಾತ್ರೆಗೆ ಮುಚ್ಚಳ ಹಾಕಿ ನನ್ನತ್ತ ತಿರುಗಿದರು. "ಅಣ್ಣಾ, ಇನ್ನು ಮೇಲೆ ಸುಮ್ಮನೆ ಬನ್ನಿ. ಅದು ನಿಮ್ಮಿಂದ ಆಗುವುದೇ ಇಲ್ಲ ಅಂತಾದರೆ, ಬರುವ ವರ್ಷ ಜಗಲಿಯಲ್ಲಿ ಸೋರಿಸಲಿಕ್ಕೆ ಇವರಿಗೆ ಹೇಳಿ. ನಿಮ್ಮಿಬ್ಬರ ಮರ್ಯಾದೆಗೆ ನನ್ನ ಮೀನು ಸಾರಿಗೆ ಪ್ರತಿ ವರ್ಷ ಮಸಿ ಬೀಳ್ತದೆ."